ಚಿತ್ರದ ಹಿಂದೆ ಉಳಿದ ಹದಿನೆಂಟು

ಬೆಳಗಿನ ಐದೂ ಮುಕ್ಕಾಲು. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ನೆಲಮಹಡಿಯಲ್ಲಿ, ಶೌಚಾಲಯಕ್ಕೂ ಹಳೆಯ ಕಡತಗಳ ಕೋಣೆಗೂ ನಡುವೆ ಇರುವ ಆರನೇ ನಂಬರಿನ ಕೋಣೆಯಲ್ಲಿ ದೀಪ ಹತ್ತುತ್ತದೆ. ಒಳಗೆ ಬಂದ ಹೆಂಗಸು ಕೊಡೆಯನ್ನು ಮೂಲೆಗೆ ಒರಗಿಸುತ್ತಾರೆ, ಕಂಪ್ಯೂಟರ್ ಚಾಲೂ ಮಾಡುತ್ತಾರೆ, ಪರದೆ ಬೆಳಗುವ ಮೊದಲೇ ಅದರ ಗುಂಡಿ ಒತ್ತಿ ಆರಿಸಿಬಿಡುತ್ತಾರೆ. ಆಮೇಲೆ ಕೋಣೆಯ ದೀಪವನ್ನೂ ಆರಿಸುತ್ತಾರೆ. ಹೆಡ್‌ಫೋನಿನ ಒಂದು ಕಿವಿಯ ಸ್ಪಂಜು ಯಾವತ್ತೋ ಉದುರಿಹೋಗಿದೆ. ಅದಕ್ಕೊಂದು ಹಳೆಯ ಕಾಲುಚೀಲವನ್ನು ಕತ್ತರಿಸಿ ಹೊಲಿದುಕೊಂಡಿದ್ದಾರೆ. ಅದನ್ನು ತಲೆಗೆ ಏರಿಸಿ, ಕಣ್ಣು ಮುಚ್ಚಿ, ಕತ್ತಲಲ್ಲಿ ಕೂತು ಕೇಳಲು ಶುರುಮಾಡುತ್ತಾರೆ.

ಕಸ ಗುಡಿಸಲು ಬರುವವರು ಮೊದಮೊದಲು ಇವರು ನಿದ್ದೆ ಹೋಗಿದ್ದಾರೆಂದೇ ತಿಳಿದಿದ್ದರು. ‘ಮನೇಲಿ ಜಗಳ ಇರಬೇಕು, ಪಾಪ, ಇಲ್ಲಿ ಬಂದು ಮಲಗ್ತಾರೆ’ ಎಂದು ಕಾವಲುಗಾರ ಕನಿಕರಪಟ್ಟಿದ್ದೂ ಉಂಟು. ಮಲಗುವವರ ಬೆರಳು ಹೀಗೆ ಓಡುವುದಿಲ್ಲ ಎನ್ನುವುದು ಅವನಿಗೆ ಹೊಳೆಯಲು ಎರಡು ತಿಂಗಳು ಹಿಡಿಯಿತು. ಎಡಗೈ ಕೀಲಿಮಣೆಯ ಮೇಲೆ, ಬಲಗೈಯಲ್ಲಿ ಪೆನ್ಸಿಲು. ಕತ್ತಲಲ್ಲೇ ನೋಟ್‌ಬುಕ್ಕಿನಲ್ಲಿ ದಿನಾಂಕಗಳನ್ನು ಗೀಚುತ್ತ ಹೋಗುತ್ತಾರೆ. ಅಕ್ಷರ ಸೊಟ್ಟಗಾದರೂ ಸಾಲು ತಪ್ಪುವುದಿಲ್ಲ.

ಎಲ್ಲರೂ ಇವರನ್ನು ಕರೆಯುವುದು ಕರಡಕ್ಕ ಎಂದು. ವಿಶ್ವವಿದ್ಯಾಲಯದ ಅಚ್ಚುಕೂಟದಲ್ಲಿ ಇಪ್ಪತ್ಮೂರು ವರ್ಷ ಕರಡು ತಿದ್ದಿದವರು, ಹಾಗಾಗಿ ಆ ಹೆಸರು. ಮನೆಯ ಹತ್ತಿರದ ಮಕ್ಕಳು ಅದಕ್ಕೊಂದು ಗುಣಿಸು ಕೊಟ್ಟು ‘ಕರಡಿಯಕ್ಕ’ ಮಾಡಿಕೊಂಡಿದ್ದಾರೆ. ಅದಕ್ಕೆ ಇವರದೇನೂ ತಕರಾರಿಲ್ಲ. ವಯಸ್ಸು ನಲವತ್ತೊಂಬತ್ತು, ಗುತ್ತಿಗೆ ನೌಕರಿ, ದಾಖಲೆಯಲ್ಲಿರುವ ಹುದ್ದೆ ‘ದತ್ತಾಂಶ ಸಹಾಯಕಿ’. ಮಾಡುವ ಕೆಲಸಕ್ಕೆ ದಾಖಲೆಯಲ್ಲಿ ಹೆಸರೇ ಇಲ್ಲ.

ಕೆಲಸ ಇಷ್ಟೇ. ಕಣ್ಣು ಕಾಣದವರು ಕಂಪ್ಯೂಟರನ್ನೋ ಫೋನನ್ನೋ ಕಿವಿಯಿಂದ ಓದುತ್ತಾರೆ. ಪರದೆಯ ಮೇಲಿನ ಅಕ್ಷರವನ್ನು ಒಂದು ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಅಲ್ಲಿರುವುದು ಅಕ್ಷರವಾಗಿರದೆ ಅಕ್ಷರದ ಚಿತ್ರವಾಗಿದ್ದರೆ ಅದು ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಪ್ರತಿ ಚಿತ್ರದ ಹಿಂದೆಯೂ ಕಣ್ಣಿಗೆ ಕಾಣದ ಹಾಗೆ ನಾಲ್ಕು ಮಾತು ಬರೆದಿಡಲು ಜಾಗವಿದೆ. ಬರೆದಿಟ್ಟರೆ ತಂತ್ರಾಂಶ ಅದನ್ನು ಓದುತ್ತದೆ. ಆ ಜಾಗವನ್ನು ತುಂಬುವುದು ಕರಡಕ್ಕನ ಕೆಲಸ. ಅವರು ಅದನ್ನು ‘ಹಿಂದಿನ ಮಾತು’ ಎನ್ನುತ್ತಾರೆ, ಓದಿ ಹೇಳುವ ತಂತ್ರಾಂಶಕ್ಕೆ ‘ಮಹಾರಾಯ್ತಿ’ ಎಂದು ಹೆಸರಿಟ್ಟಿದ್ದಾರೆ.

‘ಮಹಾರಾಯ್ತಿ ಇದ್ದದ್ದನ್ನ ಇದ್ದ ಹಾಗೆ ಹೇಳ್ತಾಳೆ. ನಾವು ಸುಳ್ಳು ಬರೆದರೆ ಸುಳ್ಳನ್ನೂ ಅದೇ ದನಿಯಲ್ಲಿ ಓದ್ತಾಳೆ. ಅವಳಿಗೆ ಅದರಲ್ಲಿ ಭೇದ ಇಲ್ಲ.’

ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಅಷ್ಟೊಂದು ಚಿತ್ರಗಳು ಯಾಕೆ ಬಂದವು ಎಂದು ಕೇಳಬೇಕು. ಕೇಳಿದರೆ ಒಂದು ನೋಟಿಸಿನ ಜನನದ ಕತೆಯನ್ನೇ ಹೇಳಬೇಕಾಗುತ್ತದೆ. ವಿಭಾಗದ ಗುಮಾಸ್ತ ನೋಟಿಸನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡುತ್ತಾನೆ. ಅಲ್ಲಿಗೆ ಅದು ಅಕ್ಷರ, ಯಾವ ಯಂತ್ರ ಬೇಕಾದರೂ ಓದಬಹುದು. ಆಮೇಲೆ ಅದನ್ನು ಕಾಗದಕ್ಕೆ ಇಳಿಸುತ್ತಾರೆ. ಸಾಹೇಬರ ಸಹಿಯಾಗುತ್ತದೆ. ಸಹಿಯ ಮೇಲೆ ನೇರಳೆ ಬಣ್ಣದ ದುಂಡು ಮೊಹರು ಬೀಳುತ್ತದೆ, ಅದೂ ಮುಖ್ಯವಾದ ದಿನಾಂಕದ ಮೇಲೇ ಸರಿಯಾಗಿ. ಆ ಕಾಗದವನ್ನು ಸೊಟ್ಟಗೆ ಇಟ್ಟು ಸ್ಕ್ಯಾನ್ ಮಾಡುತ್ತಾರೆ. ಈಗ ಅದು ಚಿತ್ರ. ಆ ಚಿತ್ರ ವೆಬ್‌ಸೈಟಿಗೆ ಏರುತ್ತದೆ. ಕರಡಕ್ಕ ಆರನೇ ನಂಬರಿನ ಕೋಣೆಯಲ್ಲಿ ಕೂತು, ಮೊಹರಿನ ಕೆಳಗೆ ಇರುವುದು ಒಂದೋ ಏಳೋ ಎಂದು ಭೂತಗನ್ನಡಿಯಲ್ಲಿ ನೋಡಿ, ಗುಮಾಸ್ತ ಬೆಳಿಗ್ಗೆ ಟೈಪ್ ಮಾಡಿದ್ದನ್ನೇ ಮಧ್ಯಾಹ್ನ ಇನ್ನೊಮ್ಮೆ ಟೈಪ್ ಮಾಡುತ್ತಾರೆ.

ಟೈಪ್ ಮಾಡಿದ ಮೂಲವನ್ನೇ ಕಳಿಸಿಕೊಡಿ ಎಂದು ಅವರು ಕೇಳದೇ ಇಲ್ಲ. ಐದು ವರ್ಷದಲ್ಲಿ ಮೂವರು ಸೂಪರಿಂಟೆಂಡೆಂಟರನ್ನು ಕೇಳಿದ್ದಾರೆ. ಈಗಿನವರು ಕೆಟ್ಟವರಲ್ಲ, ಕೂರಿಸಿ ಟೀ ತರಿಸಿದರು. ‘ಸಹಿ ಮೊಹರು ಇಲ್ಲದ್ದು ನೋಟಿಸು ಹೇಗಾಗುತ್ತಮ್ಮ? ನಾಳೆ ಯಾರೋ ಒಂದು ಅಕ್ಷರ ತಿದ್ದಿ ಹಾಕಿದರೆ? ಮೊಹರು ಬಿದ್ದಿದ್ದೇ ಸತ್ಯ’ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ನೀವು ಅನ್ನಬಹುದು. ಕರಡಕ್ಕ ಹಾಗೆ ಅನ್ನುವುದಿಲ್ಲ. ಟೀ ಕುಡಿದು, ಕಪ್ಪು ತೊಳೆದಿಟ್ಟು, ಕೋಣೆಗೆ ವಾಪಸು ಬಂದರು.

ದಿನಕ್ಕೆ ಸರಾಸರಿ ಐದು ನೋಟಿಸು, ಪರೀಕ್ಷೆಯ ತಿಂಗಳಲ್ಲಿ ಹದಿನೈದು. ಜೊತೆಗೆ ಅರ್ಜಿ ನಮೂನೆಗಳು, ಶುಲ್ಕದ ಪಟ್ಟಿಗಳು, ಸಮಾರಂಭದ ಫೋಟೋಗಳು. ಹೋದ ತಿಂಗಳ ಕೊನೆಗೆ ಇವರು ಹಿಂದಿನ ಮಾತು ಬರೆದ ಚಿತ್ರಗಳ ಸಂಖ್ಯೆ ಎಂಟು ಸಾವಿರದ ಆರುನೂರ ಹನ್ನೆರಡು. ಕಿವಿಯಿಂದ ಓದುವ ವಿದ್ಯಾರ್ಥಿಗಳೆಂದು ದಾಖಲಾಗಿರುವವರು ಮೂವತ್ತೇಳು ಮಂದಿ. ‘ಮೂವತ್ತೇಳು ಜನಕ್ಕೆ ಇಷ್ಟೊಂದಾ?’ ಎಂದು ಸಭೆಯಲ್ಲಿ ಒಬ್ಬರು ಹುಬ್ಬೇರಿಸಿದ್ದರು.

ಈ ಕೆಲಸಕ್ಕೆ ಇವರನ್ನು ತಂದು ಹಾಕಿದ್ದು ಯಾರ ದೂರದೃಷ್ಟಿಯೂ ಅಲ್ಲ. ಅಚ್ಚುಕೂಟ ಮುಚ್ಚಿತು. ಯಂತ್ರಗಳನ್ನು ತೂಕಕ್ಕೆ ಹಾಕಿದರು. ಮಿಕ್ಕ ಆರು ಜನರನ್ನು ಆರು ಕಡೆಗೆ ಹಂಚಿದರು, ಕರಡಕ್ಕ ವೆಬ್ ವಿಭಾಗಕ್ಕೆ ಬಂದು ಬಿದ್ದರು. ಅಲ್ಲಿ ಇವರಿಗೆ ಯಾರೂ ಕೆಲಸ ಹೇಳಲಿಲ್ಲ. ಮೂರು ವಾರ ಕುರ್ಚಿಯ ಮೇಲೆ ಕೂತು ಗೋಡೆ ನೋಡಿದರು. ಆಗ ವಿಶ್ವವಿದ್ಯಾಲಯದ ಟೆಲಿಫೋನ್ ಆಪರೇಟರ್ ಒಂದು ದಿನ ಗೋಡೆ ಸವರಿಕೊಂಡು ಇವರ ಕೋಣೆಗೆ ಬಂದರು. ಹುಟ್ಟಿನಿಂದ ಕಣ್ಣು ಕಾಣದವರು, ನಿವೃತ್ತಿಗೆ ನಾಲ್ಕು ತಿಂಗಳಿತ್ತು. ‘ನಿಮ್ಮ ವೆಬ್‌ಸೈಟು ನನ್ನ ಹತ್ತಿರ ಏನು ಮಾತಾಡುತ್ತೆ ಗೊತ್ತೇನಮ್ಮ? ಒಂದ್ಸಲ ಕೇಳಿ ನೋಡು’ ಎಂದು ತಮ್ಮ ಫೋನನ್ನು ಇವರ ಕಿವಿಗೆ ಹಿಡಿದರು. ಚಿತ್ರ. ಚಿತ್ರ. ಗುಂಡಿ. ಚಿತ್ರ. ಚಿತ್ರ.

‘ಅಚ್ಚುಕೂಟದಲ್ಲಿ ನಾನು ಮೊದಲು ಕೂತಿದ್ದು ಗಟ್ಟಿಯಾಗಿ ಓದೋ ಕೆಲಸಕ್ಕೆ’ ಎನ್ನುತ್ತಾರೆ ಕರಡಕ್ಕ. ‘ನಾನು ಮೂಲ ಪ್ರತಿ ಓದೋದು, ಎದುರಿಗೆ ಕೂತವರು ಕರಡು ನೋಡ್ತಾ ತಿದ್ದೋದು. ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳ್ಬೇಕಿತ್ತು. ಕಿವಿಗೂ ಕಣ್ಣಿಗೂ ತಾಳೆ ಹಾಕೋದೇ ನಮ್ಮ ಕಸುಬು. ಆ ಯಜಮಾನರ ಫೋನು ಕೇಳಿದಾಗ ನಂಗೆ ನಾಚಿಕೆ ಆಯ್ತು. ಮೂರು ವಾರ ಗೋಡೆ ನೋಡ್ತಾ ಕೂತಿದ್ನಲ್ಲ ಅಂತ.’ ಆಪರೇಟರ್ ನಾಲ್ಕು ತಿಂಗಳು ಕಲಿಸಿ ನಿವೃತ್ತರಾದರು. ಹೋಗುವಾಗ ಒಂದೇ ಮಾತು ಹೇಳಿದ್ದರು: ಪರದೆ ಆರಿಸಿ ಕೆಲಸ ಮಾಡು, ಇಲ್ಲದಿದ್ದರೆ ನಿನ್ನ ಕಣ್ಣು ನಿನಗೆ ಮೋಸ ಮಾಡುತ್ತೆ.

ಬರೆದದ್ದು ಕಿವಿಗೆ ಕಾಣುತ್ತದೋ ಇಲ್ಲವೋ ಎನ್ನುವುದಕ್ಕೆ ಕರಡಕ್ಕನ ಮನೆಯಲ್ಲೊಂದು ಪರೀಕ್ಷೆಯಿದೆ. ಸಂಜೆ ಅಡುಗೆಮನೆಯಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಬೆನ್ನು ತಿರುಗಿಸಿ ಕೂತಿರುತ್ತಾರೆ. ಸೊಸೆ ಅಂದು ಬರೆದದ್ದನ್ನು ಓದುತ್ತಾರೆ. ಅತ್ತೆಗೆ ಚಿತ್ರ ಕಂಡರೆ ಪಾಸು. ಪದವಿ ಪ್ರದಾನದ ಫೋಟೋ ಒಂದಕ್ಕೆ ‘ಗೌನು ತೊಟ್ಟ ಎಂಟು ಗಣ್ಯರು ವೇದಿಕೆಯ ಮೇಲೆ ನಿಂತಿದ್ದಾರೆ’ ಎಂದು ಬರೆದಿದ್ದರು.

‘ಎಂಟೂ ಜನ ಗಂಡಸರಾ?’ ಎಂದು ಕೇಳಿದರು ಅತ್ತೆ.

‘ಹೂಂ ಅತ್ತೆ.’

‘ಹಾಗಂತ ಬರಿ. ಕಾಣೋರಿಗೆ ಅದು ಕಾಣುತ್ತಲ್ಲ.’

ಬರೆದರು. ಐದು ವರ್ಷದಲ್ಲಿ ಆಡಳಿತದ ಗಮನಕ್ಕೆ ಬಂದ ಇವರ ಏಕೈಕ ವಾಕ್ಯ ಅದು. ಯಾರೋ ಫೋಟೋದ ಮೇಲೆ ಮೌಸ್ ಇಟ್ಟಾಗ ಆ ಸಾಲು ಪುಟ್ಟದಾಗಿ ಮೂಡಿತಂತೆ. ಕೂಡಲೇ ವಿವರಣೆ ಕೇಳಿ ಪತ್ರ ಬಂತು. ಮಿಕ್ಕ ಎಂಟು ಸಾವಿರ ಚಿಲ್ಲರೆ ವಾಕ್ಯಗಳ ಮೇಲೆ ಯಾರ ಮೌಸೂ ಹಾದುಹೋಗಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವರು. ಎಣ್ಣೆ ಹತ್ತಿದ ಕೈಯನ್ನು ಒರೆಸಿಕೊಳ್ಳುತ್ತ ಹೆಂಡತಿಗೆ ಸಮಾಧಾನ ಹೇಳುತ್ತಾರೆ: ‘ನಿನ್ನದೂ ನನ್ನದೂ ಒಂದೇ ಥರದ ಕೆಲಸ ಕಣೆ. ಕೆಟ್ಟಾಗ ಮಾತ್ರ ನಮ್ಮ ನೆನಪಾಗೋದು.’

‘ನಿಮ್ಮದು ಕೆಟ್ಟರೆ ಜನ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡು ಕೂಗ್ತಾರೆ’ ಎಂದು ಕರಡಕ್ಕ ಉತ್ತರಿಸುತ್ತಾರೆ. ‘ನನ್ನದು ಕೆಟ್ಟರೆ ಯಾರಿಗೂ ಗೊತ್ತೇ ಆಗಲ್ಲ.’

ಕೆಟ್ಟದ್ದು ಹೋದ ವರ್ಷ. ಒಂದು ಕೋರ್ಸಿನ ಕೊನೆಯ ಪರೀಕ್ಷೆ ತಿಂಗಳ ಹದಿನೆಂಟರಂದು ಎಂದು ನೋಟಿಸು ಬಂತು. ಕರಡಕ್ಕ ಹಿಂದಿನ ಮಾತು ಬರೆದರು: ಹದಿನೆಂಟು, ಬೆಳಿಗ್ಗೆ ಹತ್ತು ಗಂಟೆ, ಎರಡನೇ ಮಹಡಿ. ನಾಲ್ಕು ದಿನದ ಮೇಲೆ ಪರೀಕ್ಷೆಯನ್ನು ಹನ್ನೊಂದಕ್ಕೆ ಹಿಂದೆ ತಂದರು. ಹೊಸ ಕಾಗದ, ಹೊಸ ಸಹಿ, ಹೊಸ ಮೊಹರು. ಪರೀಕ್ಷಾ ವಿಭಾಗದ ಗುಮಾಸ್ತ ಹೊಸ ನೋಟಿಸು ಏರಿಸುವ ಬದಲು ಹಳೆಯ ಚಿತ್ರದ ಜಾಗದಲ್ಲೇ ಹೊಸ ಚಿತ್ರ ಕೂರಿಸಿದ. ಹಾಗೆ ಮಾಡಿದರೆ ಮುಂದಿನ ಚಿತ್ರ ಬದಲಾಗುತ್ತದೆ, ಹಿಂದಿನ ಮಾತು ಬದಲಾಗುವುದಿಲ್ಲ. ಹೊಸ ನೋಟಿಸಾಗಿ ಏರದ ಕಾರಣ ಕರಡಕ್ಕನ ಪಟ್ಟಿಗೂ ಅದು ಬರಲಿಲ್ಲ. ಕಣ್ಣಿದ್ದವರಿಗೆ ಹನ್ನೊಂದು ಕಂಡಿತು. ಕಿವಿಯಿಂದ ಓದುವವರಿಗೆ ಮಹಾರಾಯ್ತಿ ಹದಿನೆಂಟು ಎಂದೇ ಓದುತ್ತ ಹೋದಳು.

ಆ ಕೋರ್ಸಿನಲ್ಲಿ ಕಿವಿಯಿಂದ ಓದುವವಳು ಒಬ್ಬಳೇ ಹುಡುಗಿ. ಎರಡು ಬಸ್ಸು ಬದಲಿಸಿ, ಅಪ್ಪನ ತೋಳು ಹಿಡಿದು, ಹದಿನೆಂಟರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಎರಡನೇ ಮಹಡಿಗೆ ಬಂದಳು. ಬಾಗಿಲಿಗೆ ಬೀಗ. ಪರೀಕ್ಷೆ ಮುಗಿದು ವಾರವಾಗಿತ್ತು. ‘ಓದಲು ತೊಂದರೆಯಾದರೆ ಕರೆ ಮಾಡಿ’ ಎಂದು ಪುಟದ ಕೊನೆಗೆ ಕರಡಕ್ಕನೇ ಸೇರಿಸಿದ್ದ ಸಂಖ್ಯೆಗೆ ಅಲ್ಲಿಂದಲೇ ಫೋನ್ ಮಾಡಿದಳು. ‘ಅಕ್ಕ, ನಾನು ನಿನ್ನೆ ರಾತ್ರಿನೂ ಮೂರು ಸಲ ಕೇಳಿದೀನಿ, ಹದಿನೆಂಟು ಅಂತಾನೇ ಹೇಳ್ತು’ ಎಂದಳು.

ಕರಡಕ್ಕ ಫೋನು ಹಿಡಿದುಕೊಂಡೇ ಪುಟ ತೆರೆದರು. ಮುಂದೆ ಹನ್ನೊಂದು, ಹಿಂದೆ ಹದಿನೆಂಟು. ಆಮೇಲೆ ಅವರು ಮಾಡಿದ್ದು ಇಪ್ಪತ್ಮೂರು ವರ್ಷ ಅಚ್ಚುಕೂಟದಲ್ಲಿ ಮಾಡಿದ್ದನ್ನೇ. ಹದಿನೆಂಟನ್ನು ಅಳಿಸಿ ಹನ್ನೊಂದು ಮಾಡಿದರು, ಉಳಿಸು ಎಂಬ ಗುಂಡಿ ಒತ್ತಿದರು.

‘ತಪ್ಪು ಕಂಡರೆ ತಿದ್ದೋದು ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಯೋಚನೆ ಮಾಡ್ಲಿಲ್ಲ. ಅಚ್ಚುಕೂಟದಲ್ಲಿ ತಿದ್ದಿದರೆ ಕೆಂಪು ಶಾಯಿ ಉಳೀತಿತ್ತು. ಏನಿತ್ತು, ಏನಾಯ್ತು, ಯಾರು ತಿದ್ದಿದ್ದು, ಎಲ್ಲ ಹಾಳೆ ಮೇಲೆ ಇರ್ತಿತ್ತು. ಇಲ್ಲಿ ತಿದ್ದಿದರೆ ತಪ್ಪು ಇತ್ತು ಅನ್ನೋದೇ ಅಳಿಸಿಹೋಗುತ್ತೆ. ಅದು ನಂಗೆ ಆ ಕ್ಷಣಕ್ಕೆ ಹೊಳೀಲಿಲ್ಲ.’

ಹುಡುಗಿ ದೂರು ಕೊಟ್ಟಳು. ವಿಶ್ವವಿದ್ಯಾಲಯದ ತಪ್ಪಿನಿಂದ ಪರೀಕ್ಷೆ ತಪ್ಪಿದರೆ ವಿಶೇಷ ಪರೀಕ್ಷೆ ನಡೆಸಬೇಕೆಂಬ ನಿಯಮವಿದೆ. ವಿದ್ಯಾರ್ಥಿಯ ತಪ್ಪಾದರೆ ಮುಂದಿನ ವರ್ಷದವರೆಗೆ ಕಾಯಬೇಕು. ಆದರೆ ಕೋರ್ಸು ಮುಗಿಸಲು ಅವಳಿಗಿದ್ದ ಗಡುವಿನ ಕೊನೆಯ ವರ್ಷ ಅದು. ಕಾಯಲು ಮುಂದಿನ ವರ್ಷವೇ ಇರಲಿಲ್ಲ. ಮೂವರ ಸಮಿತಿ ಎಂಟು ದಿನದ ಮೇಲೆ ಸೇರಿ ಕಂಪ್ಯೂಟರ್ ತೆರೆಸಿತು. ಚಿತ್ರದಲ್ಲಿ ಹನ್ನೊಂದು. ಹಿಂದಿನ ಮಾತು ಏನಿದೆ ನೋಡಿ ಎಂದರು. ಅಲ್ಲೂ ಹನ್ನೊಂದು. ಸಮಿತಿಯ ಒಬ್ಬ ಹಿರಿಯರು ಇನ್ನೂ ಮುಂದೆ ಹೋಗಿ, ಪುಟವನ್ನು ಕಾಗದಕ್ಕೆ ಇಳಿಸಿ, ಮಗುಚಿ, ಹಿಂಬದಿ ಖಾಲಿಯಿರುವುದನ್ನು ಎಲ್ಲರಿಗೂ ತೋರಿಸಿದರು. ಅದನ್ನು ನಡಾವಳಿಯಲ್ಲೂ ಬರೆಸಿದರು.

ಸಮಿತಿ ಕೂತಿದ್ದು ಕರಡಕ್ಕನಿಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ವಿಲೇವಾರಿಯಾದ ದೂರುಗಳ ಪಟ್ಟಿ ಅವರ ಕೋಣೆಗೆ ಬಂದಾಗ. ಅದೂ ಸಹಿ ಮೊಹರು ಬಿದ್ದು, ಸ್ಕ್ಯಾನ್ ಆಗಿ, ಚಿತ್ರವಾಗಿ ಬಂದಿತ್ತು. ನಾಲ್ಕನೆಯ ಸಾಲಿನಲ್ಲಿ ಹುಡುಗಿಯ ನೋಂದಣಿ ಸಂಖ್ಯೆ, ಅದರ ಮುಂದೆ ‘ವೆಬ್‌ಸೈಟಿನಲ್ಲಿ ದೋಷ ಕಂಡುಬಂದಿಲ್ಲ. ವಿದ್ಯಾರ್ಥಿನಿಯ ಅಜಾಗರೂಕತೆ’. ಚಿತ್ರದಲ್ಲಿ ಇದ್ದದ್ದನ್ನು ಹಿಂದೆ ಬರೆಯುವುದು ಕೆಲಸ. ಕರಡಕ್ಕ ಅದನ್ನು ಅಕ್ಷರ ಬಿಡದೆ ಬರೆದರು. ತನ್ನ ಮೇಲಿನ ತೀರ್ಪನ್ನು ಹುಡುಗಿ ಮೊದಲು ಕೇಳಿಸಿಕೊಂಡದ್ದು ಇವರು ಟೈಪ್ ಮಾಡಿದ ಮಾತಿನಲ್ಲೇ.

ಅವತ್ತು ರಜೆ ಹಾಕಿ ಮನೆಗೆ ಹೋದ ಕರಡಕ್ಕ ಮಾರನೆಯ ದಿನ ಒಂದು ಕಾಗದ ಹಿಡಿದು ಸೂಪರಿಂಟೆಂಡೆಂಟರ ಮುಂದೆ ನಿಂತರು. ಹಿಂದಿನ ಮಾತು ಬರೆದವಳು ನಾನು, ಅದು ಹದಿನೆಂಟು ಎಂದೇ ಇತ್ತು, ಹುಡುಗಿ ಫೋನ್ ಮಾಡಿದ ದಿನ ತಿದ್ದಿದವಳೂ ನಾನೇ, ಎಂದು ಬರೆದಿದ್ದರು. ಅವರು ಎರಡು ಸಲ ಓದಿದರು.

‘ಇಲ್ಲದ ತಪ್ಪನ್ನ ಯಾಕಮ್ಮ ಮೈಮೇಲೆ ಎಳ್ಕೋತೀರಾ? ಗುತ್ತಿಗೆಯಲ್ಲಿ ಇರೋರು ನೀವು.’

‘ಇತ್ತು ಸಾರ್. ನಾನೇ ಕಣ್ಣಾರೆ ನೋಡಿದೀನಿ.’

‘ಸಮಿತಿನೂ ಕಣ್ಣಾರೆ ನೋಡಿದೆ. ಇಲ್ಲ ಅಂತ ಮೊಹರು ಬಿದ್ದಿದೆ. ಇನ್ನು ನಾನೇನು ಮಾಡ್ಲಿ ಹೇಳಿ.’ ಕಾಗದವನ್ನು ಮಡಿಸಿ ವಾಪಸು ಕೊಟ್ಟರು. ಅದಕ್ಕೆ ಸ್ವೀಕೃತಿ ಸಂಖ್ಯೆಯೂ ಬೀಳಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇಲ್ಲಿ ಹುಣ್ಣು ಇತ್ತೆಂದು ಅಂಗೈಯವಳೇ ಹೇಳಿದರೂ ಕನ್ನಡಿ ಒಪ್ಪುತ್ತಿಲ್ಲ. ಜನ ತಪ್ಪು ಮುಚ್ಚಿಹಾಕಲು ಪಡುವ ಪಾಡನ್ನು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ತನ್ನ ತಪ್ಪನ್ನು ಸಾಬೀತು ಮಾಡಲು ಒಬ್ಬ ಹೆಂಗಸು ಹದಿಮೂರು ತಿಂಗಳು ಬಾಗಿಲಿಂದ ಬಾಗಿಲಿಗೆ ಅಲೆದದ್ದು ಯಾವ ಸುದ್ದಿಯೂ ಆಗಲಿಲ್ಲ.

ಬೆಳಗಿನ ಜಾವದ ಈ ಕೆಲಸ ಶುರುವಾದದ್ದು ಆಮೇಲೆ. ವೆಬ್‌ಸೈಟಿನಲ್ಲಿ ಚಾಲ್ತಿಯಿರುವ ನೂರ ನಲವತ್ತು ನೋಟಿಸುಗಳನ್ನು ಕಚೇರಿ ತೆರೆಯುವ ಮೊದಲು ಪ್ರತಿದಿನ ಕೇಳುತ್ತಾರೆ. ಕಿವಿಗೆ ಬಿದ್ದ ದಿನಾಂಕ, ಸಮಯ, ಸಂಖ್ಯೆಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಆಮೇಲೆ ಪರದೆ ಹಚ್ಚಿ ಚಿತ್ರಕ್ಕೂ ಅದಕ್ಕೂ ತಾಳೆ ಹಾಕುತ್ತಾರೆ. ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಈ ಹೊತ್ತನ್ನು ಯಾವ ಹಾಜರಿ ಪುಸ್ತಕವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ’ ಎಂದು ಅತ್ತೆ ಒಂದು ದಿನ ಅಂದರು. ಬೈಗುಳಕ್ಕೆ ಅಂದದ್ದಲ್ಲ, ಸೊಸೆಯ ಕಣ್ಣ ಕೆಳಗಿನ ಕಪ್ಪು ನೋಡಲಾರದೆ ಅಂದದ್ದು. ಕರಡಕ್ಕ ಅವತ್ತು ಊಟ ಮಾಡಲಿಲ್ಲ.

ಹೀಗೆ ಮುಚ್ಚಿದ ಬಾಗಿಲುಗಳ ನಡುವೆ ಒಂದು ಕಿಂಡಿ ಮಾತ್ರ ತೆರೆದಿತ್ತು. ವೆಬ್‌ಸೈಟಿನ ಇಡೀ ಪ್ರತಿಯೊಂದನ್ನು ಪ್ರತಿ ಭಾನುವಾರ ಒಂದು ಡಿಸ್ಕಿನಲ್ಲಿ ತೆಗೆದಿಡುತ್ತಾರೆ. ಹದಿನೆಂಟಕ್ಕಿಂತ ಮುಂಚಿನ ಭಾನುವಾರದ ಪ್ರತಿಯಲ್ಲಿ ಆ ನೋಟಿಸು, ಅದರ ಹಿಂದೆ ಹದಿನೆಂಟು, ಇದ್ದ ಹಾಗೇ ಇರಲೇಬೇಕು. ಸರ್ವರ್ ಕೋಣೆ ನೋಡಿಕೊಳ್ಳುವಾತ ಅದನ್ನು ಒಪ್ಪಿಕೊಂಡ. ‘ಇದೆ ಅಕ್ಕ. ಆದ್ರೆ ತೆರೆದರೆ ಯಾರು ತೆರೆದರು ಅಂತ ದಾಖಲಾಗುತ್ತೆ. ಒಂದು ಸಾಲಿನ ಆರ್ಡರ್ ತನ್ನಿ, ಹತ್ತು ನಿಮಿಷದ ಕೆಲಸ.’ ಅವನೂ ಗುತ್ತಿಗೆಯವನೇ. ಕರಡಕ್ಕ ಅವನನ್ನು ಒತ್ತಾಯಿಸಲಿಲ್ಲ. ‘ಅವನಿಗೂ ಮನೆ ಮಠ ಇದೆಯಲ್ಲ’ ಎನ್ನುತ್ತಾರೆ.

ಆ ಒಂದು ಸಾಲಿಗೆ ಮೂರು ಅರ್ಜಿ ಕೊಟ್ಟರು. ಮೂರನೆಯದಕ್ಕೆ ಉತ್ತರ ಬಂತು. ದೂರು ಮುಕ್ತಾಯಗೊಂಡಿರುವುದರಿಂದ ಸದರಿ ಪ್ರತಿಯನ್ನು ತೆರೆಯುವ ಪ್ರಮೇಯ ಉದ್ಭವಿಸುವುದಿಲ್ಲ, ಹೊಸ ಪುರಾವೆ ಒದಗಿಸಿದಲ್ಲಿ ದೂರನ್ನು ಮರುಪರಿಶೀಲಿಸಲಾಗುವುದು, ಎಂದಿತ್ತು. ದೂರು ತೆರೆಯಲು ಪುರಾವೆ ಬೇಕು, ಪುರಾವೆ ತೆರೆಯಲು ದೂರು ಬೇಕು. ಬರೆದವರಿಗೆ ನಗು ಬಂದಿರಲಾರದು. ಮೊಹರು ಮಾತ್ರ ಸ್ಪಷ್ಟವಾಗಿ ಬಿದ್ದಿತ್ತು.

ಅಷ್ಟರಲ್ಲಿ ಹೊಸ ವೆಬ್‌ಸೈಟು ಬಂತು. ಹೊರಗಿನವರು ಮಾಡಿಕೊಟ್ಟದ್ದು, ಬಹಳ ಚೆಂದವಿದೆ, ತೆರೆದರೆ ಚಿತ್ರಗಳು ಜಾರುತ್ತ ಬರುತ್ತವೆ. ಮೂಲೆಯಲ್ಲಿ ಗಾಲಿಕುರ್ಚಿಯ ನೀಲಿ ಗುರುತೊಂದಿದೆ, ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಉದ್ಘಾಟನೆಯ ದಿನ ಮುಖ್ಯಸ್ಥರು ಅದನ್ನು ಒತ್ತಿ ತೋರಿಸಿದರು, ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಕರಡಕ್ಕ, ಹಳೆಯ ಚಿತ್ರಗಳ ಜೊತೆ ಹಿಂದಿನ ಮಾತೂ ಬಂದಿದೆಯಾ ಎಂದು ಕೇಳಿದರು. ಹೊರಗಿನವರು ಕಾಗದ ತಿರುವಿ ನೋಡಿದರು. ಸಾಗಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ಚಿತ್ರಗಳಿದ್ದವು, ಹಿಂದಿನ ಮಾತು ಇರಲಿಲ್ಲ. ಪಟ್ಟಿ ಮಾಡಿದವರಿಗೆ ಅದು ಕಂಡಿರಲಿಲ್ಲ, ಕಾಣುವಂಥದ್ದೂ ಅಲ್ಲವಲ್ಲ. ಎಂಟು ಸಾವಿರದ ಆರುನೂರ ಹನ್ನೆರಡು ಮಾತುಗಳು ಹಳೆಯ ಸರ್ವರಿನಲ್ಲೇ ಉಳಿದವು. ಶುಕ್ರವಾರ ಮಧ್ಯಾಹ್ನ ಅದನ್ನೂ, ಜೊತೆಗೆ ಭಾನುವಾರಗಳ ಡಿಸ್ಕನ್ನೂ ಅಳಿಸಲು ಆದೇಶವಾಗಿತ್ತು.

ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಕರಡಕ್ಕನ ಬಾಯಲ್ಲಿ ಆ ಎಂಟು ಸಾವಿರದ ಸುದ್ದಿ ಬರಲೇ ಇಲ್ಲ. ಅವರ ಚಿಂತೆಯೆಲ್ಲ ಒಂದೇ ಮಾತಿನದು, ಅದೂ ತಪ್ಪು ಮಾತು. ಗುರುವಾರ ಸಂಜೆಯವರೆಗೂ ಸೂಪರಿಂಟೆಂಡೆಂಟರ ಬಾಗಿಲಲ್ಲಿ ನಿಂತಿದ್ದರು. ಅವರು ಬೇರೆ ಬಾಗಿಲಿಂದ ಮನೆಗೆ ಹೋದರೆಂದು ಆಮೇಲೆ ಕಾವಲುಗಾರ ಹೇಳಿದ.

ಶುಕ್ರವಾರ ಮಧ್ಯಾಹ್ನ ಅವರು ಸರ್ವರ್ ಕೋಣೆಗೆ ಹೋಗುತ್ತಾರೆ. ಆತ ಕುರ್ಚಿ ಎಳೆದು ಕೊಡುತ್ತಾನೆ. ಸಣ್ಣ ಪರದೆಯ ಮೇಲೆ, ಎಷ್ಟು ಅಳಿಸಿತೆಂದು ತೋರಿಸುವ ಬಣ್ಣದ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತ ಹೋಗುತ್ತದೆ. ಫ್ಯಾನುಗಳ ಗುಂಯ್ ಸದ್ದು ಬಿಟ್ಟರೆ ಕೇಳುವುದಕ್ಕೆ ಏನೂ ಇಲ್ಲ. ಒಂದೂವರೆ ಗಂಟೆ ಕರಡಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ, ಆಸ್ಪತ್ರೆಯ ಹೊರಗೆ ಕೂತವರ ಹಾಗೆ. ಪಟ್ಟಿ ತುಂಬುತ್ತದೆ.

‘ಆಯ್ತು ಅಕ್ಕ’ ಎನ್ನುತ್ತಾನೆ ಆತ, ಇವರ ಮುಖ ನೋಡದೆ.

ಆ ಸಂಜೆ ಹುಡುಗಿಗೆ ಫೋನ್ ಮಾಡಿ ಹೇಳಿದವರು ಕರಡಕ್ಕನೇ. ಹುಡುಗಿ ಈಗ ಒಂದು ಅಂಗಡಿಯಲ್ಲಿ ಗಿರಾಕಿಗಳ ಕರೆ ತೆಗೆದುಕೊಳ್ಳುವ ಕೆಲಸ ಮಾಡುತ್ತಾಳೆ. ಪದವಿ ಇಲ್ಲದೆ ಸಿಕ್ಕಿದ್ದು ಅದೇ. ಎಲ್ಲ ಕೇಳಿ ‘ಬಿಡಿ ಅಕ್ಕ’ ಎಂದಳು.

‘ಬೈದಿದ್ರೆ ತಡ್ಕೊಳ್ತಿದ್ದೆ. ಬಿಡಿ ಅಂದ್ಲಲ್ಲ, ಅದು ತಡ್ಕೊಳ್ಳಕ್ಕಾಗಲ್ಲ’ ಎನ್ನುತ್ತಾರೆ ಕರಡಕ್ಕ. ‘ಆಮೇಲೆ ಅವಳೇ ಹೇಳಿದ್ಲು. ಅಕ್ಕ, ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಆದರೆ ನಮ್ಮಪ್ಪ ಆ ಕಾಗದದಲ್ಲಿ ಇರೋದನ್ನೇ ನಂಬಿದಾರೆ. ನನ್ನದೇ ಅಜಾಗರೂಕತೆ ಅಂತ. ಬೈಯಲ್ಲ. ಆದರೆ ಈಗ ನಾನು ಏನು ಹೇಳಿದ್ರೂ ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡ್ಕೋತಾರೆ. ಬಸ್ಸು ಎಷ್ಟು ಗಂಟೆಗೆ ಅಂತ ಹೇಳಿದ್ರೂನೂ. ನೀವು ಮಾತಾಡ್ತೀರಾ ಅಪ್ಪನ ಹತ್ತಿರ, ಅಂತ ಕೇಳಿದ್ಲು. ಮಾತಾಡಿದೆ. ಮಗು ಮೇಲಿನ ಮಮತೆಗೆ ಹೇಳ್ತಿದೀಯಮ್ಮ, ನಿನ್ನ ಮನಸ್ಸು ದೊಡ್ಡದು, ಅಂದರು ಅವರು.’ ಇದನ್ನು ಹೇಳುವಾಗ ಕರಡಕ್ಕ ಹೆಡ್‌ಫೋನಿನ ಕಾಲುಚೀಲದ ದಾರವನ್ನು ಎಳೆಯುತ್ತಲೇ ಇರುತ್ತಾರೆ, ಹೊಲಿಗೆ ಬಿಚ್ಚಿಕೊಳ್ಳುವವರೆಗೂ.

ಶನಿವಾರ, ಮತ್ತೆ ಐದೂಮುಕ್ಕಾಲು. ಕೊಡೆ ಮೂಲೆಯಲ್ಲಿ, ಪರದೆ ಆರಿದೆ, ದೀಪ ಆರಿದೆ. ಹೆಡ್‌ಫೋನಿನ ಒಂದು ಕಿವಿಯನ್ನು ಇವತ್ತು ಬರಿದಾಗಿಯೇ ಹಾಕಿಕೊಂಡಿದ್ದಾರೆ. ಹೊಸ ವೆಬ್‌ಸೈಟಿನ ಮುಖಪುಟ ತೆರೆಯುತ್ತದೆ. ಚಿತ್ರ. ಚಿತ್ರ. ಗುಂಡಿ. ಚಿತ್ರ. ಐದು ವರ್ಷದ ಹಿಂದೆ ಆ ಆಪರೇಟರ್ ಕೇಳಿಸಿದ್ದೇ ಮತ್ತೆ ಕೇಳುತ್ತಿದೆ, ಒಂದು ಗುಂಡಿಯೂ ವ್ಯತ್ಯಾಸವಿಲ್ಲ. ಕರಡಕ್ಕ ಮೊದಲ ಚಿತ್ರಕ್ಕೆ ಹೋಗಿ ಬರೆಯಲು ತೊಡಗುತ್ತಾರೆ. ಒಂಬತ್ತು ಗಂಟೆಗೆ ಹನ್ನೆರಡು ಮುಗಿದಿರುತ್ತವೆ. ಅವರ ಗುತ್ತಿಗೆ ಇನ್ನು ಮೂರು ತಿಂಗಳಿದೆ, ಮುಂದುವರಿಸುತ್ತಾರೋ ಇಲ್ಲವೋ ಯಾರೂ ಹೇಳಿಲ್ಲ. ಎಂಟು ಸಾವಿರಕ್ಕೆ ಈ ಲೆಕ್ಕದಲ್ಲಿ ಎಷ್ಟು ದಿನ ಬೇಕೆಂದು ಕೇಳುವ ಧೈರ್ಯ ಆ ಕೋಣೆಯಲ್ಲಿ ಅವರ ಜೊತೆ ಕೂತ ನಮಗೆ ಬರುವುದಿಲ್ಲ.

ನಿಮಗೆ ಏನಾಗಬೇಕು, ಸನ್ಮಾನವೋ, ಕಾಯಂ ನೌಕರಿಯೋ, ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

‘ಒಂದು ಕಾಗದ ಬೇಕು’ ಎನ್ನುತ್ತಾರೆ. ‘ಹಿಂದೆ ಹದಿನೆಂಟು ಅಂತಾನೇ ಇತ್ತು, ಅದನ್ನ ಅಳಿಸಿದೋಳು ನಾನು, ಆ ಹುಡುಗಿದು ಏನೂ ತಪ್ಪಿಲ್ಲ ಅಂತ. ಮೂರು ಸಾಲು ಸಾಕು. ಸಹಿ ಮಾಡಿ ಮೊಹರು ಹಾಕಲಿ. ಆಮೇಲೆ ಬೇಕಾದ್ರೆ ಎಷ್ಟು ಸೊಟ್ಟಗಾದ್ರೂ ಸ್ಕ್ಯಾನ್ ಮಾಡಲಿ. ಹಿಂದಿನ ಮಾತು ನಾನೇ ಟೈಪ್ ಮಾಡ್ತೀನಿ.’